ಸಕ್ಕರೆ ಕಾಯಿಲೆ: ದೃಷ್ಟಿ ಸರಿಯಿದ್ದರೂ ಅಕ್ಷಿಪಟಲದ ಪರೀಕ್ಷೆ ಬೇಕೇ?

ಪ್ರಶ್ನೆ (ಕಾಪುವಿನಿಂದ):
ನನ್ನ ತಾಯಿಗೆ 58 ವರ್ಷ. 11 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ದಿನಪತ್ರಿಕೆಯನ್ನು ಸರಾಗವಾಗಿ ಓದುತ್ತಿರುವುದರಿಂದ ಕಣ್ಣಿನ ಪರೀಕ್ಷೆ ಅನಗತ್ಯವೆಂದು ಹಟ ಹಿಡಿದಿದ್ದಾರೆ. ಉಡುಪಿಗೆ ಕರೆದೊಯ್ಯಲೇಬೇಕೇ?

ಉತ್ತರ (ಮಣಿಪಾಲದಿಂದ, ನೇತ್ರ ಪರೀಕ್ಷಕಿ):
ದಯವಿಟ್ಟು ತಡಮಾಡಬೇಡಿ. ರಕ್ತದಲ್ಲಿ ಸಕ್ಕರೆ ದೀರ್ಘಕಾಲ ಹೆಚ್ಚಿದ್ದರೆ ಅಕ್ಷಿಪಟಲದ (ರೆಟಿನಾ, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಸೂಕ್ಷ್ಮ ರಕ್ತನಾಳಗಳು ದುರ್ಬಲಗೊಂಡು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ, ಆ ಕೊರತೆ ತುಂಬಲು ಹುಟ್ಟುವ ಹೊಸ ನಾಳಗಳು ತೀರಾ ನಾಜೂಕಾಗಿದ್ದು, ಒಡೆದು ಕಣ್ಣಿನೊಳಗೆ ರಕ್ತಸ್ರಾವವಾಗಬಹುದು, ಅಕ್ಷಿಪಟಲವೇ ಕಳಚಿಕೊಳ್ಳಬಹುದು. ಆರಂಭದಲ್ಲಿ ನೋವೂ ಇರುವುದಿಲ್ಲ, ಅಕ್ಷರ ಮಂಜಾಗುವುದೂ ಇಲ್ಲ. ಎರಡನೇ ವಿಧದ ಮಧುಮೇಹದಲ್ಲಿ ರೋಗ ಪತ್ತೆಯಾದಾಗಲೇ ಮೊದಲ ಪರೀಕ್ಷೆಯಾಗಬೇಕು, ಬಳಿಕ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಪಾಪೆ ಹಿಗ್ಗಿಸುವ ಹನಿಯಿಂದ ಕೆಲವು ಗಂಟೆ ದೃಷ್ಟಿ ಮಂಜಾಗುವುದರಿಂದ ಹಿಂದಿರುಗುವಾಗ ನೀವು ಜೊತೆಗಿರಿ.

ಉತ್ತರ (ಮಂಗಳೂರಿನಿಂದ):
ನಮ್ಮ ತಂದೆಯವರೂ ಹೀಗೆಯೇ ಮುಂದೂಡಿದ್ದರು. ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಒಸಿಟಿ ಸ್ಕ್ಯಾನ್‌ನಲ್ಲಿ ಅಕ್ಷಿಪಟಲದ ನಡುಭಾಗ ಊದಿಕೊಂಡಿರುವುದು ಕಂಡಿತು. ಕಣ್ಣಿಗೆ ಚುಚ್ಚುಮದ್ದು ಎಂದಾಗ ಬಹಳ ಹೆದರಿದರು. ಆದರೆ ಮರಗಟ್ಟಿಸುವ ಹನಿ ಹಾಕಿ ಕೊಡುವುದರಿಂದ ಅದನ್ನು ಸಹಿಸಿಕೊಂಡರು. ಊತ ಇಳಿಯಿತು, ಹೋದ ದೃಷ್ಟಿ ಪೂರ್ತಿ ಮರಳಲಿಲ್ಲ. ಆ ತಡ ನನ್ನನ್ನು ಇಂದಿಗೂ ನೋಯಿಸುತ್ತದೆ.

ಉತ್ತರ (ಕುಂದಾಪುರದಿಂದ):
ಅಕ್ಷಿಪಟಲದ ಛಾಯಾಚಿತ್ರವನ್ನು ಕೃತಕ ಬುದ್ಧಿಮತ್ತೆಯೇ ಪರಿಶೀಲಿಸುವ ವ್ಯವಸ್ಥೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆತಿದೆ. ನೇತ್ರತಜ್ಞರಿಲ್ಲದ ಊರುಗಳಿಗೆ ಇದು ದೊಡ್ಡ ಆಸರೆಯಾಗಬಲ್ಲದು. ಆದರೂ ದೋಷ ಕಂಡವರನ್ನು ತಜ್ಞರೇ ನೋಡಬೇಕು. ರಕ್ತದೊತ್ತಡವನ್ನೂ ಹತೋಟಿಯಲ್ಲಿಡಿ.

ಪ್ರಶ್ನೆ ಕೇಳಿದವರು:
ಸೋಮವಾರವೇ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಎಲ್ಲರಿಗೂ ಧನ್ಯವಾದಗಳು.