ಮಾಲ್ ಕಿಯೋಸ್ಕ್‌ನ ಫಿಶ್ ಆ್ಯಂಡ್ ಚಿಪ್ಸ್: ಮೀನು ಮೆತ್ತಗಾಗಿದ್ದು ಯಾರ ತಪ್ಪು?

ಗರಿಗರಿ_ಪ್ರೇಮಿ: ನಿನ್ನೆ ಮಾಲ್‌ನಲ್ಲಿ ಎಸ್ಕಲೇಟರ್ ಪಕ್ಕದ ಪುಟ್ಟ ಕಿಯೋಸ್ಕ್‌ನಿಂದ ಮೊದಲ ಸಲ ಫಿಶ್ ಆ್ಯಂಡ್ ಚಿಪ್ಸ್ (ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ) ತಗೊಂಡೆ. ಮುಚ್ಚಿದ ರಟ್ಟಿನ ಡಬ್ಬಿಯಲ್ಲಿ ಕೊಟ್ಟರು. ಕೂರಲು ಜಾಗ ಹುಡುಕಿ ಡಬ್ಬಿ ತೆರೆಯುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಮೀನಿನ ಮೇಲ್ಭಾಗ ಗರಿಗರಿ, ಕೆಳಭಾಗ ಒದ್ದೆ ಬಟ್ಟೆ. ಫೋರ್ಕ್ ತಾಗಿಸಿದ್ದೇ ತಡ, ಮೇಲಿನ ಹಿಟ್ಟು ಕೋಟು ಕಳಚಿದ ಹಾಗೆ ಇಡಿಯಾಗಿ ಬಂತು. ಒಳಗಿನ ಮೀನು ಬೆಳ್ಳಗೆ, ನೀರು ನೀರು, ಸಪ್ಪೆ. ಚಿಪ್ಸ್ ಮಾತ್ರ ಚೆನ್ನಾಗಿತ್ತು. ಈ ತಿಂಡಿ ಇರುವುದೇ ಹೀಗಾ, ಇಲ್ಲ ನನಗೆ ಸಿಕ್ಕಿದ್ದು ಕೆಟ್ಟದ್ದಾ?

ಹಳೇಬಾಣಲೆ: ಕಿಯೋಸ್ಕ್‌ನಲ್ಲಿ ಮೀನು ತಿನ್ನಲು ಹೋಗಿದ್ದೇ ತಪ್ಪು. ಎಲ್ಲಾ ಫ್ರೋಜನ್ ಮಾಲು. ತಾಜಾ ಮೀನಿಲ್ಲದೆ ಇದನ್ನು ಮಾಡಲೇಬಾರದು.

ಉಪ್ಪು_ವಿನೆಗರ್: ಫ್ರೋಜನ್ ಎಂದ ಕೂಡಲೇ ಮೂಗು ಮುರಿಯಬೇಡಿ ಮಾರಾಯ್ರೇ. ನಾನು ಮೂರು ವರ್ಷ ಇಂಗ್ಲೆಂಡ್‌ನಲ್ಲಿ ಓದಿದವನು, ವಾರಕ್ಕೊಮ್ಮೆಯಾದರೂ ಇದೇ ಊಟ. ಅಲ್ಲಿನ ಎಷ್ಟೋ ಒಳ್ಳೆಯ ಅಂಗಡಿಗಳಲ್ಲಿ ಬಳಸುವ ಕಾಡ್, ಹ್ಯಾಡಕ್ ಮೀನು ಹಡಗಿನಲ್ಲೇ ಫ್ರೀಜ್ ಆಗಿ ಬಂದದ್ದು. ಹಿಡಿದ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ. ದಡಕ್ಕೆ ಬಂದು ಮೂರು ದಿನ ಐಸ್ ಮೇಲೆ ಮಲಗಿದ ‘ತಾಜಾ’ ಮೀನಿಗಿಂತ ಅದೇ ವಾಸಿ. ಕೆಡುವುದು ಕರಗಿಸುವಾಗ. ಅವಸರದಲ್ಲಿ ಕರಗಿಸಿ, ನೀರು ಒರೆಸದೆ ಹಿಟ್ಟಿಗೆ ಅದ್ದಿದರೆ ಹಿಟ್ಟು ಮೀನಿಗೆ ಅಂಟುವುದೇ ಇಲ್ಲ. ನಿಮ್ಮ ‘ಕೋಟು’ ಕಳಚಿದ್ದು ಬಹುಶಃ ಅದಕ್ಕೇ.

ಹಳೇಬಾಣಲೆ: ಇಂಗ್ಲೆಂಡಿನದು ಅಂಗಡಿ ಸ್ವಾಮಿ, ಇದು ಎಸ್ಕಲೇಟರ್ ಪಕ್ಕದ ಡಬ್ಬ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಉಪ್ಪು_ವಿನೆಗರ್: ಡಬ್ಬ ಎಂದು ಹೀಗಳೆಯುವ ಮೊದಲು ಒಂದು ಮಾತು. ಈ ತಿಂಡಿಯ ಮೊದಲ ಅಂಗಡಿ ಯಾರದು ಎಂಬ ಜಗಳ ಅಲ್ಲಿ ಇವತ್ತಿಗೂ ಇದೆ. 1860ರ ಸುಮಾರಿಗೆ ಲಂಡನ್‌ನಲ್ಲಿ ಜೋಸೆಫ್ ಮಾಲಿನ್ ಶುರು ಮಾಡಿದ ಎಂದು ಒಂದು ಕಡೆಯವರು. ಇಲ್ಲ, 1863ರಲ್ಲಿ ಮಾಸ್ಲಿ ಎಂಬ ಊರಿನ ಸಂತೆಯಲ್ಲಿ ಜಾನ್ ಲೀಸ್ ಶುರು ಮಾಡಿದ ಎಂದು ಇನ್ನೊಂದು ಕಡೆಯವರು. ಆ ಲೀಸ್ ಮಾರುತ್ತಿದ್ದದ್ದು ಒಂದು ಮರದ ಗುಡಿಸಲಿನಲ್ಲಿ ಎನ್ನುತ್ತಾರೆ. ಅದು ಕಿಯೋಸ್ಕ್ ಅಲ್ಲದೆ ಇನ್ನೇನು?

ಹಳೇಬಾಣಲೆ: ಒಪ್ಪಿದೆ. ಆದರೆ ಲೀಸ್ ಹತ್ತಿರ ಕರಿದದ್ದನ್ನು ಬಿಸಿಯಾಗಿಡುವ ಹೀಟ್ ಲ್ಯಾಂಪ್ ಇರಲಿಲ್ಲ ಅಲ್ವಾ!

ಕೌಂಟರ್_ಹಿಂದಿನವಳು: ಎರಡು ವರ್ಷ ಇಂಥದೇ ಕಿಯೋಸ್ಕ್‌ನಲ್ಲಿ ಕೆಲಸ ಮಾಡಿದ್ದೇನೆ, ಹೇಳಿಬಿಡುತ್ತೇನೆ. ನಮ್ಮಲ್ಲಿ ಹಿಟ್ಟು ಕಲಸುವ ಪ್ರಶ್ನೆಯೇ ಇರಲಿಲ್ಲ. ಹಿಟ್ಟು ಹಚ್ಚಿ, ಒಮ್ಮೆ ಅರ್ಧ ಕರಿದು, ಫ್ರೀಜ್ ಮಾಡಿದ ತುಂಡುಗಳು ಪ್ಯಾಕೆಟ್‌ನಲ್ಲಿ ಬರುತ್ತಿದ್ದವು. ಫ್ರೀಜರ್‌ನಿಂದ ನೇರ ಎಣ್ಣೆಗೆ. ಇದ್ದದ್ದು ಮೇಜಿನ ಮೇಲಿಡುವ ಒಂದು ಸಣ್ಣ ಫ್ರೈಯರ್. 180 ಡಿಗ್ರಿ ಇದ್ದ ಎಣ್ಣೆಗೆ ಒಟ್ಟಿಗೆ ಆರು ತಣ್ಣನೆ ತುಂಡು ಬಿದ್ದರೆ ಶಾಖ ದಬಕ್ಕನೆ ಇಳಿಯುತ್ತದೆ, ಮತ್ತೆ ಏರಲು ಹೊತ್ತು ಬೇಕು. ಅಷ್ಟರಲ್ಲಿ ಎದುರಿಗೆ ಎಂಟು ಜನ ಕ್ಯೂ. ಎಣ್ಣೆ ಸಾಕಷ್ಟು ಕಾದಿಲ್ಲ ಎಂದು ಗೊತ್ತಿದ್ದೂ ತೆಗೆದುಕೊಟ್ಟಿದ್ದೇನೆ. ತುಂಡು ಜಿಡ್ಡಾಗುವುದು ಅದಕ್ಕೆ. ಜನ ಇಲ್ಲದ ಹೊತ್ತಿನಲ್ಲಿ ಬೇರೆ ತಾಪತ್ರಯ: ಕರಿದಿಟ್ಟದ್ದು ಲ್ಯಾಂಪ್ ಕೆಳಗೆ ಕಾಯುತ್ತಾ ಕೂರುತ್ತದೆ.

ಆದರೆ ಮೇಲೆ ಗರಿ, ಕೆಳಗೆ ಒದ್ದೆ ಎಂದಿರಲ್ಲ, ಅದು ಫ್ರೈಯರ್ ತಪ್ಪಲ್ಲ. ಡಬ್ಬಿಯ ತಪ್ಪು.

ಭೌತಶಾಸ್ತ್ರದ_ಮೇಷ್ಟ್ರು: ಅದೇ ಸರಿ. ಮೀನಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಕಾದ ಎಣ್ಣೆಯಲ್ಲಿ ಆ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಕಾಣುವ ಗುಳ್ಳೆಗಳೆಲ್ಲ ಅದೇ. ಎಣ್ಣೆಯಿಂದ ತೆಗೆದ ಮೇಲೂ ಆವಿ ಬರುತ್ತಲೇ ಇರುತ್ತದೆ. ಮುಚ್ಚಳ ಹಾಕಿದರೆ ಅದು ಹೋಗುವುದೆಲ್ಲಿಗೆ? ಡಬ್ಬಿಯ ಗೋಡೆಗೆ ತಾಗಿ ನೀರಾಗಿ ತಳಕ್ಕೆ ಇಳಿಯುತ್ತದೆ. ಮೊದಲು ಇಂಗ್ಲೆಂಡಿನಲ್ಲಿ ಹಳೇ ಪೇಪರ್‌ನಲ್ಲಿ ಸುತ್ತಿ ಕೊಡುತ್ತಿದ್ದರಲ್ಲ, ಶಾಯಿಯ ವಿಚಾರ ಬಿಡಿ, ಅದು ಒಂದಿಷ್ಟು ತೇವ ಹೀರುತ್ತಿತ್ತು, ಆವಿಯನ್ನೂ ಹೊರಗೆ ಬಿಡುತ್ತಿತ್ತು.

ಗರಿಗರಿ_ಪ್ರೇಮಿ: ಹಾಗಾದರೆ ಅದೇ ಡಬ್ಬಿಯಲ್ಲಿದ್ದ ಚಿಪ್ಸ್ ಯಾಕೆ ಮೆತ್ತಗಾಗಲಿಲ್ಲ ಮೇಷ್ಟ್ರೇ?

ಕೌಂಟರ್_ಹಿಂದಿನವಳು: ನಾನು ಹೇಳುತ್ತೇನೆ. ಫಾಸ್ಟ್‌ಫುಡ್‌ಗೆ ಬರುವ ಫ್ರೋಜನ್ ಚಿಪ್ಸ್‌ನಲ್ಲಿ ಕೆಲವಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಸ್ಟಾರ್ಚ್ ಬಳಿದಿರುತ್ತಾರೆ. ಜಾಸ್ತಿ ಹೊತ್ತು ಗರಿಯಾಗಿರಲಿ ಎಂದೇ.

ಉಪ್ಪು_ವಿನೆಗರ್: ಚಿಪ್ಸ್ ಗರಿಗರಿ ಇತ್ತೆಂದರೆ ಅದು ಚಿಪ್ಸೇ ಅಲ್ಲ! ಬರ್ಗರ್ ಜೊತೆ ಕೊಡುವ ಸಣ್ಣ ಫ್ರೈಸ್. ನಿಜವಾದದ್ದು ಬೆರಳುಗಾತ್ರ ದಪ್ಪ, ಒಳಗೆ ಹಿಟ್ಟುಹಿಟ್ಟಾಗಿ, ಹೊರಗೂ ಸ್ವಲ್ಪ ಮೆತ್ತಗೇ ಇರಬೇಕು. ಅದರ ಮೇಲೆ ಉಪ್ಪು, ವಿನೆಗರ್.

ಹಳೇಬಾಣಲೆ: ಮೆತ್ತಗಿನ ಚಿಪ್ಸ್‌ಗೆ ಹುಳಿ ಸುರಿದು ಇನ್ನೂ ಮೆತ್ತಗೆ ಮಾಡುವುದು. ಅದಕ್ಕೊಂದು ಪರಂಪರೆ. ಭೇಷ್.

ಭೌತಶಾಸ್ತ್ರದ_ಮೇಷ್ಟ್ರು: ಹುಳಿಗೆ ಸುಮ್ನೆ ನಗಬೇಡಿ. ಸಮುದ್ರ ಮೀನಿನ ನೀಚು ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲಮೀನ್. ಅದು ಕ್ಷಾರ. ವಿನೆಗರ್ ಆಗಲಿ, ನಿಂಬೆ ಆಗಲಿ, ಹುಳಿ ಬಿದ್ದರೆ ಆ ವಾಸನೆ ಗಾಳಿಗೆ ಏಳುವುದು ಕಡಿಮೆಯಾಗುತ್ತದೆ. ಜಿಡ್ಡೂ ಬಾಯಿಗೆ ಅಷ್ಟು ಹೊಡೆಯುವುದಿಲ್ಲ.

ಉಪ್ಪು_ವಿನೆಗರ್: ಒಂದು ಗುಟ್ಟು: ಅಲ್ಲಿನ ಹಲವು ಅಂಗಡಿಗಳಲ್ಲಿ ಸುರಿಯುವ ಕಂದು ನೀರು ವಿನೆಗರ್ರೇ ಅಲ್ಲ. ಅಸಿಟಿಕ್ ಆಮ್ಲಕ್ಕೆ ನೀರು, ಬಣ್ಣ ಬೆರೆಸಿದ್ದು. ಆದರೂ ನನಗೆ ಅದೇ ಬೇಕು.

ಕೌಂಟರ್_ಹಿಂದಿನವಳು: ‘ನೀರು ನೀರು, ಸಪ್ಪೆ’ ಎಂದಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಯಾವ ಮೀನು ಎಂದು ಕೇಳಿದಿರಾ? ನನ್ನ ಅಂದಾಜು ಬಾಸಾ. ಸಿಹಿನೀರಿನ ಮೀನು, ಅಗ್ಗ, ಮುಳ್ಳಿನ ಕಾಟ ಇಲ್ಲ. ಫ್ಯಾಕ್ಟರಿಗಳಲ್ಲಿ ನೀರು ಹಿಡಿದಿಡಲೆಂದು ಫಾಸ್ಫೇಟ್ ದ್ರಾವಣದಲ್ಲಿ ನೆನೆಸುವುದೂ ಉಂಟು. ಕಾಡ್ ಬೆಂದರೆ ದಪ್ಪ ದಪ್ಪ ಪದರವಾಗಿ ಬಿಡಿಸಿಕೊಳ್ಳುತ್ತದೆ. ಬಾಸಾ ಹಾಗಲ್ಲ, ಮೆತ್ತಗೆ. ಅದು ಮೋಸವಲ್ಲ, ಬೋರ್ಡ್ ಮೇಲೆ ಬರೆದಿದ್ದರೆ. ಬರೀ ‘ಫಿಶ್’ ಎಂದಿದ್ದರೆ ಕೇಳುವ ಹಕ್ಕು ನಿಮ್ಮದು. ಮತ್ತೆ ಹೋಗುವುದಾದರೆ ಲ್ಯಾಂಪ್ ಕೆಳಗಿನದು ಬೇಡ ಎನ್ನಿ, ಡಬ್ಬಿ ಮುಚ್ಚಬೇಡಿ ಎನ್ನಿ, ಅಲ್ಲೇ ನಿಂತು ತಿನ್ನಿ.

ಹಳೇಬಾಣಲೆ: ಇಷ್ಟೆಲ್ಲ ಷರತ್ತು ಹಾಕಿ ತಿನ್ನುವುದಕ್ಕಿಂತ ಮನೆಯಲ್ಲೇ ಮಾಡಬಹುದು. ಹಿಟ್ಟಿಗೆ ಸ್ವಲ್ಪ ಅಕ್ಕಿ ಹಿಟ್ಟು, ತಣ್ಣನೆ ಸೋಡಾ. ಜಾಸ್ತಿ ಕಲಸಬಾರದು, ಅಷ್ಟೇ.

ಗರಿಗರಿ_ಪ್ರೇಮಿ: ಇವತ್ತು ಮತ್ತೆ ಹೋಗಿದ್ದೆ (ಹಳೇಬಾಣಲೆ ಅವರು ಬೈಯಲಿ ಪರವಾಗಿಲ್ಲ). ಆಗಷ್ಟೇ ಕರಿದದ್ದು ಕೇಳಿದೆ, ಆರೇಳು ನಿಮಿಷ ಕಾದೆ. ಮುಚ್ಚಳ ಹಾಕಲು ಬಿಡಲಿಲ್ಲ, ಕಸದ ಬುಟ್ಟಿಯ ಪಕ್ಕ ನಿಂತೇ ತಿಂದೆ. ಈ ಸಲ ಕೆಳಭಾಗವೂ ಗರಿಗರಿ, ಕೋಟೂ ಕಳಚಲಿಲ್ಲ. ಮೀನು ಮಾತ್ರ ಅದೇ ಸಪ್ಪೆ. ಬಾಸಾನೇ ಅಂತೆ, ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. ವಿನೆಗರ್ ಇದೆಯಾ ಎಂದೆ. ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ ನಾಲ್ಕು ಕೆಚಪ್ ಪ್ಯಾಕೆಟ್ ಕೊಟ್ಟ.