ಸಹಾಯ ಬೇಕು: ಬ್ಯಾಟರಿ ಸ್ನೋ ಬ್ಲೋವರ್ ನಡುವೆ ನಿಂತುಬಿಡುತ್ತದೆ

ನಾವಿರುವುದು ಅಮೆರಿಕದ ಬಫಲೋ ನಗರದ ಹತ್ತಿರ. ಸಲಿಕೆ ಹಿಡಿದು ಹಿಡಿದು ಸೊಂಟ ಬಿದ್ದುಹೋಗಿ ಈ ಸಲ 56 ವೋಲ್ಟ್‌ನ ಬ್ಯಾಟರಿ ಸ್ನೋ ಬ್ಲೋವರ್ (ಹಿಮ ಎತ್ತಿ ದೂರ ಎಸೆಯುವ ಮೆಷಿನ್) ತಗೊಂಡೆ. ಪುಡಿ ಹಿಮವನ್ನು ರವೆ ತೂರಿದ ಹಾಗೆ ಎಸೆಯುತ್ತದೆ, ಅದರಲ್ಲಿ ತಕರಾರಿಲ್ಲ. ತೊಂದರೆ ಇರುವುದು ಡ್ರೈವ್‌ವೇ (ಮನೆಯಿಂದ ರಸ್ತೆವರೆಗಿನ ಕಾರು ದಾರಿ) ತುದಿಯಲ್ಲಿ. ರಸ್ತೆಯ ಪ್ಲೋ ಗಾಡಿ ಮೊಣಕಾಲುದ್ದ ಒದ್ದೆ ಹಿಮ ತಳ್ಳಿ ಹೋಗುತ್ತದಲ್ಲ (ನಾನು ಎಲ್ಲ ಕ್ಲೀನ್ ಮಾಡಿದ ಮೇಲೇ ಬರುತ್ತಾನೆ, ಅದೇನು ಹಗೆಯೋ), ಅಲ್ಲಿಗೆ ಹೋದ ಐದೇ ನಿಮಿಷಕ್ಕೆ ಗುಂಯ್ ಅಂದು ನಿಂತುಬಿಡುತ್ತದೆ. ಬ್ಯಾಟರಿ ತೆಗೆದು ಹಾಕಿದರೆ ಸ್ವಲ್ಪ ಓಡಿ ಮತ್ತೆ ಅದೇ ಕಥೆ.

ಮೊದಲು ಬ್ಯಾಟರಿಯನ್ನು ಗ್ಯಾರೇಜಿನಲ್ಲೇ ಇಡುತ್ತಿದ್ದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅಂತ ಗೊತ್ತಾದ ಮೇಲೆ ಅಡುಗೆಮನೆ ಮೂಲೆಗೆ ತಂದೆ, ಬೆಚ್ಚಗಿರುವಾಗಲೇ ಮೆಷಿನ್‌ಗೆ ಹಾಕುತ್ತೇನೆ. ಹಿಮ ಅಂಟದಿರಲಿ ಅಂತ ಒಳಗೆಲ್ಲ ಸಿಲಿಕೋನ್ ಸ್ಪ್ರೇ ಕೂಡ ಹೊಡೆದೆ. ಏನೂ ಉಪಯೋಗವಿಲ್ಲ.

ನನಗೆ ಅರ್ಥವಾಗದಿರುವುದು ಇದು: ನಿಂತಾಗಲೂ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ತೋರಿಸುತ್ತದೆ. ಅಂದರೆ ಭಾರ ಹೆಚ್ಚಾಗಿ ತಾನಾಗೇ ಕಟ್ ಆಗುತ್ತಿದೆ, ಅಲ್ವಾ?

ವಾಪಸ್ ಕೊಡಲು ಇನ್ನು ಒಂಬತ್ತೇ ದಿನ ಇದೆ. ಬಳಸಿದವರು ಹೇಳಿ: ದೊಡ್ಡ ಬ್ಯಾಟರಿ ಹಾಕಿದರೆ ಈ ಒದ್ದೆ ಗುಡ್ಡೆ ಎತ್ತುತ್ತದಾ, ಅಥವಾ ಸುಮ್ನೆ ವಾಪಸ್ ಕೊಟ್ಟು ಎರಡು ಹಂತದ (ಹಿಮ ಒಳಗೆಳೆಯಲು ಒಂದು, ಎಸೆಯಲು ಇನ್ನೊಂದು ಚಕ್ರವಿರುವ) ಪೆಟ್ರೋಲ್ ಮೆಷಿನ್ ತಗೊಳ್ಳಲಾ?