ಕಾಲುವೆ ಪಕ್ಕದ ಊರು, ಪಂಚಾಯತಿಯ ಸಣ್ಣ ದುಡ್ಡು: ಮಕ್ಕಳಿಗೆ ಏನು ಮಾಡಿದರೆ ಉಪಯೋಗ?

ಕೇಳಿದವರು: ಗ್ರಾಮ ಪಂಚಾಯತಿ ಸದಸ್ಯೆ, ಕಾರಟಗಿ ಕಡೆ

ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಗೆ ಹತ್ತಿಕೊಂಡೇ ಇದೆ. ಹೋದ ವರ್ಷ ನಾಟಿ ಟೈಮಲ್ಲಿ ಮೂರು ವರ್ಷದ ಕೂಸೊಂದು ಉಪಕಾಲುವೆಗೆ ಬಿದ್ದು ತೀರಿಕೊಂಡಿತು. ಈ ಸಲ ಕಾಲುವೆಗೆ ನೀರು ಬಿಡೋಕೆ ಮುಂಚೆ ಏನಾದರೂ ಮಾಡಬೇಕು. ಯೋಚನೆ ಎರಡು: ಶಾಲೆ ಮಕ್ಕಳಿಂದ ಜಾಥಾ ಮಾಡಿಸಿ ಬೋರ್ಡ್ ಹಾಕಿಸೋದು, ಹೊಲಕ್ಕೆ ಹೊಡೆಯೋ ಎಣ್ಣಿ (ಕೀಟನಾಶಕ) ಇಡೋಕೆ ಮನೆಮನೆಗೂ ಬೀಗದ ಡಬ್ಬಿ ಕೊಡೋದು. ಮಾಡಿ ನೋಡಿದವರು, ಓದಿ ತಿಳಿದವರು ಹೇಳ್ರಿ.

ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು ತಾಲೂಕು

ಅಕ್ಕಾರೆ, ಜಾಥಾ ನಾವೂ ಮಾಡಿದ್ವಿ. ಘೋಷಣೆ, ಫೋಟೊ, ಚಹಾ, ಮಂಡಕ್ಕಿ, ಮುಗೀತು. ಮರುದಿನ ಅದೇ ಮಕ್ಕಳು ಅದೇ ಕಾಲುವೆ ದಂಡೆ ಮೇಲೆ. ಬೋರ್ಡನ್ನ ಎರಡು ವರ್ಷದ ಕೂಸು ಓದತೈತೇನ್ರಿ? ತಾಯಂದಿರಿಗೆ ಅಪಾಯ ಗೊತ್ತಿಲ್ಲ ಅಂತಲ್ಲ, ಕೈ ಖಾಲಿ ಇರಲ್ಲ. ನಾಟಿ ಗುಂಪು ಬೆಳಗ್ಗೆ ಏಳಕ್ಕೇ ಟಂಟಂ ಹತ್ತತೈತಿ, ನಮ್ಮ ಬಾಗಿಲು ತೆಗೆಯೋದು ಆಮೇಲೆ. ನಡುವಿನ ಹೊತ್ತು ಕೂಸು ಎಂಟು ವರ್ಷದ ಅಕ್ಕನ ಸೊಂಟದ ಮ್ಯಾಲೆ. ನಾನು ಕಂಡ ಹಾಗೆ ಎಡವಟ್ಟು ಆಗೋದೇ ಆ ಹೊತ್ತಿನಾಗ.

ಸಮುದಾಯ ಆರೋಗ್ಯ ಓದುತ್ತಿರುವವ, ರಾಯಚೂರು

ಮೇಡಂ ಹೇಳಿದ್ದಕ್ಕೆ ಪುರಾವೆಯೂ ಇದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆ ಹಿಂದೆಯೇ ಹೊಂಡ, ಚಿಕ್ಕ ಮಕ್ಕಳು ಅದರಲ್ಲೇ ಮುಳುಗುತ್ತಿದ್ದರು. ಅಲ್ಲಿ 'ಆಂಚಲ್' ಅಂತ ಕೂಸುಗಳನ್ನು ನೋಡಿಕೊಳ್ಳೋ ಜಾಗ ತೆರೆದರು. ಒಂದರಿಂದ ಐದು ವರ್ಷದವರು, ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಊರಿನ ಹೆಣ್ಣುಮಗಳೊಬ್ಬಳ ಕಣ್ಣಳತೆಯಲ್ಲಿ. ತಾಯಿಗೆ ಕೈತುಂಬ ಕೆಲಸ ಇರೋ ಹೊತ್ತೂ ಅದೇ. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯೋದು 80%ಗಿಂತ ಹೆಚ್ಚು ಇಳಿಯಿತು. ಶಾಲೆ ವಯಸ್ಸಿನವರಿಗೆ ಈಜು ಕಲಿಸಿದ್ದೂ ಕೆಲಸ ಮಾಡಿದೆ. ಆದರೆ ಕಲಿಸಿದ್ದು ನಿಂತ ನೀರಿನಲ್ಲಿ. ನಮ್ಮ ಕಾಲುವೆ ಓಡೋ ನೀರು, ದಂಡೆಗೆಲ್ಲ ಪಾಚಿ. ಅದರಲ್ಲಿ ಕಲಿಸೋ ಸಾಹಸ ಬೇಡ.

ನಮ್ಮಲ್ಲಿ 'ಕೂಸಿನ ಮನೆ' ಅನ್ನೋ ಪಂಚಾಯತಿ ಶಿಶುಪಾಲನಾ ಕೇಂದ್ರ ಈಗಾಗಲೇ ಇದೆಯಲ್ಲ, ಮೂರು ವರ್ಷದೊಳಗಿನವರಿಗೆ, ಉದ್ಯೋಗ ಖಾತ್ರಿ ಕೂಲಿಯವರಿಗಾಗಿ. ಖಾಸಗಿ ಹೊಲದ ನಾಟಿಗೆ ಹೋಗೋರ ಕೂಸುಗಳನ್ನೂ ಸೇರಿಸಿಕೊಂಡು, ನಾಟಿ ನಡೆಯೋ ದಿನಗಳಲ್ಲಿ ಬೇಗ ತೆರೆದರೆ ಅರ್ಧ ಕೆಲಸ ಆದಂಗೆ. ಪಂಚಾಯತಿ ದುಡ್ಡು ಆ ಹೆಚ್ಚಿನ ಎರಡು ಗಂಟೆಗೆ ಹೋಗಲಿ.

ಬೀಗದ ಡಬ್ಬಿ ಬಗ್ಗೆ ನನಗೂ ಮೊದಲು ಭಾರಿ ನಂಬಿಕೆ ಇತ್ತು. ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು, ಫಲಿತಾಂಶ 2017ರಲ್ಲಿ ಬಂತು. ಸಾಯೋಕೆ ಅಂತ ಎಣ್ಣಿ ಕುಡಿಯೋರ ಸಂಖ್ಯೆ ಡಬ್ಬಿ ಕೊಟ್ಟ ಊರಲ್ಲೂ ಕೊಡದ ಊರಲ್ಲೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಕೆಲಸ ಮಾಡಿದ್ದು ಬೇರೆ: 1995ರಿಂದ ಅತಿ ವಿಷಕಾರಿ ಎಣ್ಣಿಗಳ ಮಾರಾಟವನ್ನೇ ಒಂದೊಂದಾಗಿ ನಿಲ್ಲಿಸಿದರು, 20 ವರ್ಷದಲ್ಲಿ ಒಟ್ಟು ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು. ಅದು ಸರ್ಕಾರದ ಕೈಯಲ್ಲಿರೋದು, ಪಂಚಾಯತಿದಲ್ಲ. ಕೂಸಿನ ಕೈಗೆ ಸಿಗದಂತೆ ಎತ್ತರದಲ್ಲಿ ಇಡೋಕೆ ದುಡ್ಡೇನೂ ಬೇಡ.

ರೈತ, ಗಂಗಾವತಿ

ಅಂಕಿಸಂಖ್ಯೆ ನಂಗೊತ್ತಿಲ್ಲ, ನಮ್ಮ ಹೊಲದ ಕೃಷಿಹೊಂಡದ ಮಾತು ಹೇಳ್ತೀನಿ. ಪ್ಲಾಸ್ಟಿಕ್ ಹಾಳಿ ಹಾಸಿದ ಹೊಂಡ ಅಂದ್ರೆ ಜಾರಬಂಡಿ. ದೊಡ್ಡೋರು ಬಿದ್ದರೂ ಮೇಲೆ ಹತ್ತೋಕಾಗಲ್ಲ. ನಮ್ಮದರಲ್ಲಿ ಆಡು ಬಿದ್ದಾಗ ತೆಗೆಯೋಕೆ ಇಳಿದ ನನ್ನ ತಮ್ಮ ಒದ್ದಾಡಿಬಿಟ್ಟ. ಅವತ್ತೇ ನಾಲ್ಕೂ ಮೂಲೆಗೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗ ನೀರಿನ ತನಕ ಇಳಿಬಿಟ್ಟೆ. ಸುತ್ತ ಮುಳ್ಳುತಂತಿ ಆಮೇಲೆ ಹಾಕಿಸಿದೆ. ಬಟ್ಟೆ ಒಗೆಯೋ ಕಡೆನೂ ಹಂಗೇ ಮಾಡ್ರಿ. ಮೆಟ್ಟಿಲು ಕಟ್ಟಿಸೋಕೆ ನೀರಾವರಿ ಇಲಾಖೆ ಒಪ್ಪಿಗೆ ಬೇಕು, ತಡ ಆಗತೈತಿ. ಅಲ್ಲಿ ತನಕ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು. ಅಡುಗೆ ಎಣ್ಣೇದು ರೀ, ಹೊಲದ್ದಲ್ಲ!

ಆಂಬುಲೆನ್ಸಿನಲ್ಲಿ ಕೆಲಸ ಮಾಡಿದವ, ಸಿರುಗುಪ್ಪ

ಆ ಕ್ಯಾನಿನ ಮಾತು ಸಣ್ಣದು ಅನ್ಕೋಬೇಡಿ. ಒಬ್ಬರನ್ನು ಉಳಿಸೋಕೆ ಹಾರಿ ಇನ್ನೊಬ್ಬರೂ ಹೋದದ್ದನ್ನು ನಾನೇ ನೋಡಿದೀನಿ. ಹಾರಬೇಡಿ, ಎಸೆಯಿರಿ: ಹಗ್ಗ, ಸೀರೆ, ಪ್ಲಾಸ್ಟಿಕ್ ಕೊಡ, ಏನು ಸಿಕ್ಕರೆ ಅದು. ಇನ್ನೊಂದು: ಮೇಲೆ ತಂದ ಕೂಡಲೇ ಮಂದಿ ಹೊಟ್ಟೆ ಒತ್ತಿ, ತಲೆಕೆಳಗೆ ಹಿಡಿದು ನೀರು ತೆಗೆಯೋಕೆ ಹೋಗ್ತಾರೆ. ಬೇಡ. ಉಸಿರಾಡದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು, 108 ಬರೋ ತನಕ ಎರಡನ್ನೂ ಬಿಡದೆ ಮಾಡಬೇಕು. ಇದನ್ನು ಕೈಯಾರೆ ಮಾಡಿಸಿ ಕಲಿಸಿ. ದಂಡೆಯಲ್ಲಿ ದಿನಾ ಇರೋ ಕುರಿ ಕಾಯೋ ಹುಡುಗರು, ಬಟ್ಟೆ ಒಗೆಯೋ ಹೆಣ್ಣುಮಕ್ಕಳಿಗೇ ಮೊದಲು.

ಬೈಕ್ ಮೆಕ್ಯಾನಿಕ್, ಬಳ್ಳಾರಿ

ವಿಷಯ ಬೇರೆ, ಆದರೂ: ಹೆಲ್ಮೆಟ್ ತಲೆಪೆಟ್ಟಿನ ಅಪಾಯವನ್ನು 69%, ಸಾವಿನ ಅಪಾಯವನ್ನು 42% ಇಳಿಸುತ್ತೆ ಅಂತ ಹಲವು ಅಧ್ಯಯನ ಕೂಡಿಸಿ ನೋಡಿದವರ ಲೆಕ್ಕ. ನಿಮ್ಮೂರ ಗಂಡಸರು ಅದನ್ನು ಹ್ಯಾಂಡಲ್ಲಿಗೆ ನೇತುಹಾಕಿರ್ತಾರೆ, ಪಣ ಕಟ್ತೀನಿ.

ಕೇಳಿದವರು

ನಮ್ಮ ಮನೆಯವರದೂ ಹ್ಯಾಂಡಲ್ಲಿಗೇ! ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ಬಿಟ್ಟೆವು. ಜಾಥಾ ದುಡ್ಡಿನಲ್ಲಿ ಏಳು ಕಡೆ ಹಗ್ಗ, ಕ್ಯಾನು. ಕೂಸಿನ ಮನೆ ಬೆಳಗ್ಗೆ ಆರೂವರೆಗೆ ತೆರೆಯೋಕೆ ಆಯಾ ಒಪ್ಪಿದಾಳೆ, ಆದರೆ ಹೆಚ್ಚಿನ ಕೂಲಿ ಕೇಳ್ತಾಳೆ, ನ್ಯಾಯವೇ. ಈಗ ಒಂದೇ ತಲೆನೋವು: ಹಗ್ಗ ಕಟ್ಟಿದ ಮರುದಿನವೇ ಯಾರಾದರೂ ಎತ್ತು ಕಟ್ಟೋಕೆ ಒಯ್ದರೆ?

ರೈತ, ಗಂಗಾವತಿ

ಮೊಳಕ್ಕೊಂದು ಗಂಟು ಹಾಕಿ, ಕೆಂಪು ಬಣ್ಣ ಬಳಿಯಿರಿ. ಗಂಟಿನ ಹಗ್ಗ ಎತ್ತಿಗೆ ಬರಲ್ಲ, ಕೆಂಪು ಹಗ್ಗ ಯಾರ ಮನೆಯಲ್ಲಿದ್ದರೂ ಊರಿಗೆ ಕಾಣತೈತಿ.